ಸಾಯದೆ ಎದ್ದು ಬಂದವನು

ಲಿಫ್ಟ್ ಮೆಕ್ಯಾನಿಕ್ಕನನ್ನು ಮಣ್ಣು ಮಾಡಿದಾಗ ಅವನಿನ್ನೂ ಮೀಸೆ ತಿದ್ದುವ ವಯಸ್ಸಿನವನು. ಮಣ್ಣು ಮಾಡಿದ ಹೊತ್ತಿಗೆ ಅವನು ಒಂದು ಹಗಲಿನ ರೈಲುಹಾದಿಯಷ್ಟು ದೂರದ ಆಸ್ಪತ್ರೆಯಲ್ಲಿ ಜ್ವರದಿಂದ ಬಡಬಡಿಸುತ್ತ ಮಲಗಿದ್ದ. ಈ ಎರಡೂ ಸಂಗತಿಗಳು ಏಕಕಾಲಕ್ಕೆ ನಿಜವಾಗಿರಬಹುದು ಎಂದು ಮನೆಯವರಿಗೆ ತಿಳಿಯಲು ತಿಂಗಳೊಪ್ಪತ್ತು ಹಿಡಿಯಿತು.

ಕಂಪನಿಯವರು ಅವನನ್ನು ಬೇರೆ ಊರಿನ ಬಟ್ಟೆ ಮಿಲ್ಲಿಗೆ ಕಳಿಸಿದ್ದರು. ಸಾಮಾನು ಸಾಗಿಸುವ ಹಳೇ ಲಿಫ್ಟು ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಮಿಲ್ಲಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವನಿಗೆ ಜಾಗ ಕೊಟ್ಟರು. ಕೋಣೆಯ ಜೊತೆಗಾರ ಮಿಲ್ಲಿನ ಸ್ಟೋರ್‌ಕೀಪರ್. ಹೆಚ್ಚುಕಡಿಮೆ ಅವನದೇ ವಯಸ್ಸು, ಅವನದೇ ಎತ್ತರ. ಸ್ವಲ್ಪ ಗಾಳಿ ಬೀಸಿದರೂ ಗಡಗಡ ನಡುಗುವ ಪ್ರಾಣಿ. ಬ್ರೇಕಿನ ಕಾಯಿಲ್ ಸುಟ್ಟಿದೆ, ಹೊಸದು ತರಬೇಕು ಎಂದು ಗೊತ್ತಾದ ಮೇಲೆ ಮೆಕ್ಯಾನಿಕ್ ಮರುದಿನ ಬೆಳಗಿನ ರೈಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಸುಮ್ಮನೆ ಕೂತು ಮಾಡುವುದೇನು ಎಂದು ಅವನು ಸಂಜೆಯ ರೈಲನ್ನೇ ಹಿಡಿದ. ಯಾರಿಗೂ ಹೇಳಲಿಲ್ಲ, ಹೇಳಬೇಕಾಗಿದ್ದ ಸೂಪರ್‌ವೈಸರ್ ಯಾವುದೋ ಮದುವೆಗೆ ಹೋಗಿದ್ದ. ಹೊರಡುವಾಗ ಸ್ಟೋರ್‌ಕೀಪರ್ ಚಳಿ ಎಂದು ಕೇಳಿದ್ದಕ್ಕೆ ಕೋಟು ಬಿಚ್ಚಿ ಕೊಟ್ಟ. ಜೇಬಿನಲ್ಲಿ ತನ್ನ ಹೆಸರು ಕೊರೆದ ಸ್ಪ್ಯಾನರ್ ಇತ್ತು. ಅದು ಅಲ್ಲೇ ಉಳಿಯಿತು. ಅವನು ರೈಲಿನಲ್ಲಿದ್ದಾಗ ಶೆಡ್ಡಿಗೆ ಬೆಂಕಿ ಬಿತ್ತು.

ಹೆಣ ಗುರುತಿಸಲು ಹೋದವನು ಚಿಕ್ಕಪ್ಪ. ಕೋಟು ನೋಡಿದ, ಸ್ಪ್ಯಾನರ್ ನೋಡಿದ, ಎತ್ತರ ನೋಡಿದ, ನಮ್ಮ ಹುಡುಗನೇ ಎಂದ. ಮುಖ ನೋಡುವ ಹಾಗಿರಲಿಲ್ಲ. ನೋಡುವ ಹಾಗಿದ್ದರೂ ಚಿಕ್ಕಪ್ಪ ನೋಡುತ್ತಿರಲಿಲ್ಲ, ಅವನದು ಅಂಥ ಗುಂಡಿಗೆ. ಸ್ಟೋರ್‌ಕೀಪರ್ ಎಲ್ಲಿ ಎಂದು ಕೇಳಿದವರಿಗೆ, ಅವನೇ ಬೆಂಕಿಗೆ ಕಾರಣನಿರಬೇಕು, ಹೆದರಿ ಓಡಿಹೋಗಿದ್ದಾನೆ ಎಂದು ಮಿಲ್ಲಿನವರು ಹೇಳಿದರು. ಹೆಣವನ್ನು ಊರಿಗೆ ತಂದು, ಚರ್ಚಿನ ಪಕ್ಕದ ಸ್ಮಶಾನದಲ್ಲಿ ಹೂತು, ಮೆಕ್ಯಾನಿಕ್ಕನ ಹೆಸರಿನ ಕಲ್ಲು ನಿಲ್ಲಿಸಿದರು.

ಇತ್ತ ಮೆಕ್ಯಾನಿಕ್ಕನಿಗೆ ರೈಲಿನಲ್ಲೇ ಜ್ವರ ಏರಿ, ಎಚ್ಚರ ತಪ್ಪಿ, ಯಾವುದೋ ಸ್ಟೇಷನ್ನಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದ್ದರು. ಟೈಫಾಯ್ಡ್. ಹೆಸರು ಹೇಳುವ ಸ್ಥಿತಿ ಇರಲಿಲ್ಲ. ಜ್ವರ ಬಿಟ್ಟಾಗ ತಲೆಗೂದಲೂ ಬಿಟ್ಟುಹೋಗಿತ್ತು. ಆಸ್ಪತ್ರೆಯವರು ಕೊಟ್ಟ ಹಸಿರು ಅಂಗಿಯಲ್ಲಿ ಬಸ್ಸು ಹತ್ತಿ, ಒಂದು ಬೆಳಗ್ಗೆ ತಮ್ಮ ಬೀದಿಯ ತಿರುವಿನಲ್ಲಿ ಇಳಿದ.

ಮುಂದೆ ನಡೆದದ್ದರಲ್ಲಿ ಅವನಿಗೆ ಖುದ್ದಾಗಿ ಗೊತ್ತಿದ್ದದ್ದು ಇಷ್ಟು. ಬೀದಿ ನಲ್ಲಿಯಲ್ಲಿ ಅತ್ತಿಗೆ ನೀರು ಹಿಡಿಯುತ್ತಿದ್ದಳು. ಅವಳು ಮೊದಲು ಇವನನ್ನು ನೋಡಿಯೂ ನೋಡದವಳಂತೆ ಕೊಡದ ಕಡೆ ತಿರುಗಿದಳು. ಬೋಳುತಲೆಯ ಅಪರಿಚಿತನನ್ನು ಯಾರು ನೋಡುತ್ತಾರೆ. "ಅತ್ತಿಗೆ" ಎಂದು ಇವನು ಕರೆದ. ಆಕೆ ತಿರುಗಿ ನೋಡಿ, ಕೊಡವನ್ನು ಅಲ್ಲೇ ಬಿಟ್ಟು, ಹಿತ್ತಲ ಬಾಗಿಲಿಂದ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಇವನು ಮೊದಲು ಕೊಡ ತುಂಬುವುದನ್ನು ನೋಡಿ ನಲ್ಲಿ ನಿಲ್ಲಿಸಿದ, ಆಮೇಲೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡ, ಆಮೇಲೆ ಎದ್ದು ಮುಂಬಾಗಿಲು ತಟ್ಟಿದ. ಅಪ್ಪ ಬಾಗಿಲು ತೆಗೆದರು. ಅಮ್ಮ ಅವರ ಹಿಂದಿನಿಂದ ಬಗ್ಗಿ, ಪಾದ ಮುಂದಕ್ಕಿವೆಯೋ ಹಿಂದಕ್ಕಿವೆಯೋ ಎಂದು ನೋಡಿದಳು. ದೆವ್ವ ಹಸಿಯುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಮೊದಲು ತಟ್ಟೆ ತುಂಬ ಊಟ ಬಡಿಸಿದರು. ಅವನು ಉಂಡು ಮುಗಿಸುವವರೆಗೆ ಮನೆಯಲ್ಲಿ ಯಾರೂ ಅಳಲಿಲ್ಲ. ಕೈ ತೊಳೆದ ಮೇಲೆ ಎಲ್ಲರೂ ಒಟ್ಟಿಗೇ ಅತ್ತರು.

ಆ ದಿನದಿಂದ ಚರ್ಚಿನವರಿಗೆ ಅವನು, ಯೇಸು ಗೋರಿಯಿಂದ ಎಬ್ಬಿಸಿದನೆಂದು ಬೈಬಲ್ ಹೇಳುವ ಲಾಜರನಾದ. ಅವನಿಗದು ಇಷ್ಟವಿರಲಿಲ್ಲ. ಆದರೆ ಅಡ್ಡಹೆಸರು ಕೇಳಿ ಇಡುವಂಥದ್ದಲ್ಲವಲ್ಲ. ಕಂಪನಿಗೂ ಸುದ್ದಿ ಹೋಯಿತು. "ಲಾಜರನ್ನ ಕಳ್ಸಿ, ನಮ್ಮ ಲಿಫ್ಟು ಸತ್ತಿದೆ" ಎಂದು ಗಿರಾಕಿಗಳು ಫೋನು ಮಾಡತೊಡಗಿದರು. ಹೆಸರು ಕೊರೆದ ಕಲ್ಲನ್ನು ಕಿತ್ತು ತಂದು ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡರು, ಅಕ್ಷರ ಕೆಳಮುಖವಾಗಿ.

ಕಥೆಯಂತೂ ಅವನ ಹಿಡಿತಕ್ಕೆ ಸಿಗದೆ ತನ್ನಷ್ಟಕ್ಕೆ ಬೆಳೆಯಿತು. ಅಪ್ಪ ಹೇಳುವ ಪ್ರಕಾರ ಅತ್ತಿಗೆ ಕಿರುಚುತ್ತ ಒಳಗೆ ಓಡಿ ಬಂದು "ಬಂದಿದಾನೆ" ಎಂದಳು. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡು ಯಾರೂ ಅವಳನ್ನು ನಂಬಲಿಲ್ಲ. ತಣ್ಣೀರು ಕುಡಿಸಿ ಕೂರಿಸಿದರು. ಚಿಕ್ಕಪ್ಪ ಹೇಳುವ ಪ್ರಕಾರ ಅವನಿಗೆ ಹೆಣ ನೋಡಿದಾಗಲೇ ಅನುಮಾನ ಬಂದಿತ್ತು. ಎದುರುಮನೆಯ ದರ್ಜಿಯ ಹೆಂಡತಿ, ಆ ಬೆಳಗ್ಗೆ ಅವನು ಬಿಳಿಬಟ್ಟೆಯಲ್ಲಿ ಸ್ಮಶಾನದ ಗೇಟಿನಿಂದ ಹೊರಬಂದದ್ದನ್ನು ಕಣ್ಣಾರೆ ನೋಡಿದ್ದಳು. ಅವನು ಬಂದದ್ದು ಸ್ಮಶಾನದ ವಿರುದ್ಧ ದಿಕ್ಕಿನಿಂದ, ಹಸಿರು ಅಂಗಿಯಲ್ಲಿ. ಆಕೆ ಸುಳ್ಳು ಹೇಳುವ ಹೆಂಗಸಲ್ಲ. ಅವನಿಗೆ ಬಗೆಹರಿಯದೆ ಉಳಿದದ್ದು ಅದೇ. ವರ್ಷ ಕಳೆದಂತೆ ಅವನು ಬಂದದ್ದನ್ನು ನೋಡಿದವರು ಎಷ್ಟು ಹೆಚ್ಚಾದರೆಂದರೆ, ಅಷ್ಟು ಜನ ಆ ಬೀದಿಯಲ್ಲಿ ನಿಂತಿದ್ದರೆ ಬಸ್ಸು ತಿರುವಿಗೆ ಬರುವುದಕ್ಕೇ ಆಗುತ್ತಿರಲಿಲ್ಲ.

ಇವನು ಬದುಕಿದ್ದಾನೆಂದರೆ ಮಣ್ಣಲ್ಲಿರುವವನು ಸ್ಟೋರ್‌ಕೀಪರ್. ಅದನ್ನು ಅವನ ತಾಯಿಗೆ ಹೇಳಬೇಕಾಗಿತ್ತು. ಮೆಕ್ಯಾನಿಕ್ ತಾನೇ ಹೋದ. ಆಕೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಇಲ್ಲ, ಬೇರೆ ಮಕ್ಕಳಿಲ್ಲ. ಇಸ್ತ್ರಿ ಪೆಟ್ಟಿಗೆ ಕೆಳಗಿಡದೆ ಎಲ್ಲವನ್ನೂ ಕೇಳಿದಳು: ಕೋಟು, ಸ್ಪ್ಯಾನರ್, ಬೆಂಕಿ.

"ನೀನೂ ಸತ್ತೆ ಅಂದಿದ್ರಲ್ಲಪ್ಪ" ಎಂದಳು.

 ತಾನೇ ಅವಳೆದುರು ಕೂತಿರುವಾಗ ಸಾವಿನ ಸುದ್ದಿಯನ್ನು ನಂಬು ಎಂದು ಹೇಳುವುದು ಹೇಗೆ? ಆಕೆ ಕೆಲಸದಿಂದ ನಿವೃತ್ತಳಾದ ಮೇಲೆ ಇದೇ ಊರಿಗೆ ಬಂದು ಅವನ ಮನೆಗೆ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದಳು. ಮಗನ ಗೋರಿಯ ಹತ್ತಿರ ಇರಲಿಕ್ಕೆ ಎಂದು ಜನ ಅಂದುಕೊಂಡರು. ಆಕೆ ಗೋರಿಯ ಕಡೆ ತಲೆಯೂ ಹಾಕಲಿಲ್ಲ. ಅಲ್ಲಿ ಮಗನ ಹೆಸರು ಹಾಕಿಸಲೂ ಬಿಡಲಿಲ್ಲ. "ಕೋಟು ವಾಪಸ್ ಕೊಡೋಕಾದ್ರೂ ನಿನ್ನ ಹುಡುಕ್ಕೊಂಡು ಇಲ್ಲಿಗೇ ಬರ್ತಾನೆ. ಅವ್ನು ಯಾರದ್ದನ್ನೂ ಇಟ್ಕೊಳ್ಳೋನಲ್ಲ" ಎಂದಳು. ಅವನು ಭಾನುವಾರದ ಆರಾಧನೆ ಮುಗಿಸಿ ಅವಳ ಕೋಣೆಗೆ ಹೋಗಿ, ಸೋರುವ ನಲ್ಲಿ, ಸಿಕ್ಕಿಹಾಕಿಕೊಂಡ ಕಿಟಕಿ ಏನಾದರೊಂದು ಸರಿಮಾಡಿ ಬರುವುದನ್ನು ರೂಢಿ ಮಾಡಿಕೊಂಡ. ಸರಿಮಾಡಲು ಏನೂ ಇಲ್ಲದ ವಾರ ಸುಮ್ಮನೆ ಕೂತು ಬರುತ್ತಿದ್ದ. ಅವನು ಆಕೆಯನ್ನು ಅಮ್ಮ ಎನ್ನುತ್ತಿದ್ದ. ಆಕೆ ಅವನನ್ನು ಒಮ್ಮೆಯೂ ಮಗ ಎನ್ನಲಿಲ್ಲ.

ಹೀಗೆ ಬದುಕು ಸಾಗಿತು. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು, ಅವರ ಮದುವೆಗಳೂ ಆದವು, ಅಪ್ಪ ಅಮ್ಮ ಹೋದರು, ಅಣ್ಣನೂ ಹೋದ. ಊರಿನ ಅರ್ಧ ಲಿಫ್ಟುಗಳು ಅವನ ಕೈ ಕಂಡವು. ನಿವೃತ್ತಿಯ ದಿನ ಕಂಪನಿಯವರು ಹಾರ ಹಾಕಿ, ಮತ್ತೆ ಎದ್ದು ಬರಬೇಡಿ ಎಂದು ನಗೆಯಾಡಿದರು. ಅವನು ನಕ್ಕ.

ಆ ವರ್ಷವೇ ಚರ್ಚಿಗೆ ಹೊಸ ಪಾದ್ರಿ ಬಂದರು. ಚಿಕ್ಕ ವಯಸ್ಸು, ಉತ್ಸಾಹ ಜಾಸ್ತಿ. ಪುನರುತ್ಥಾನ, ಅಂದರೆ ಯೇಸು ಸತ್ತು ಮತ್ತೆ ಎದ್ದದ್ದು, ಬರೀ ನಂಬಿಕೆಯ ಮಾತಲ್ಲ, ಚರಿತ್ರೆಯ ತಕ್ಕಡಿಯಲ್ಲೂ ತೂಗುತ್ತದೆ ಎಂದು ತೋರಿಸುತ್ತೇನೆಂದು ಗುರುವಾರ ಸಂಜೆಗಳಲ್ಲಿ ಹಿಂದಿನ ಹಾಲಿನಲ್ಲಿ ಸಭೆ ಕರೆದರು. ಎದುರುವಾದಕ್ಕೂ ಸ್ವಾಗತ ಎಂದರು. ಅದನ್ನು ಹೇಳಬಾರದಿತ್ತು. ಮೆಕ್ಯಾನಿಕ್ಕನ ಹೆಂಡತಿಯ ತಮ್ಮ, ಚರಿತ್ರೆ ಮೇಷ್ಟ್ರು, ಇದಕ್ಕೇ ಕಾಯುತ್ತಿದ್ದವನಂತೆ ಮೊದಲ ಸಾಲಿನಲ್ಲಿ ಬಂದು ಕೂತ. ಅದೇ ಚರ್ಚಿನಲ್ಲಿ ದೀಕ್ಷಾಸ್ನಾನವಾದವನು, ಕಾಲೇಜಿಗೆ ಹೋದಮೇಲೆ ನಂಬುವುದನ್ನು ಬಿಟ್ಟವನು, ಆದರೆ ಜಗಳವಾಡಲು ಚರ್ಚಿಗೆ ಬರುವುದನ್ನು ಬಿಡದವನು.

ಮೊದಲ ಗುರುವಾರ ಪಾದ್ರಿಯವರದು. ಅವರು ಚೆನ್ನಾಗಿಯೇ ಮಾತಾಡಿದರು. ಖಾಲಿ ಗೋರಿಯನ್ನು ಮೊದಲು ಕಂಡವರು ಹೆಂಗಸರು ಎಂದು ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳು ಹೇಳುತ್ತವೆ. ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆಯಿದ್ದ ಕಾಲದಲ್ಲಿ ಕಥೆ ಕಟ್ಟುವವನು ಯಾಕೆ ಅವರನ್ನು ಆರಿಸುತ್ತಾನೆ? ಶಿಲುಬೆಯ ದಿನ ಹೆದರಿ ಚದುರಿಹೋದ ಶಿಷ್ಯರು ಆಮೇಲೆ ಅದೇ ಊರಲ್ಲಿ ನಿಂತು ಸಾರಿದರು, ಅದಕ್ಕಾಗಿ ಪ್ರಾಣ ಕೊಡಲೂ ಹಿಂಜರಿಯಲಿಲ್ಲ. ಆ ಶಿಷ್ಯರಿಗೆ ಶತ್ರುವಾಗಿದ್ದ ಪೌಲ ತಿರುಗಿ ಅವರನ್ನೇ ಸೇರಿದ, ಮೊದಲು ನಂಬದಿದ್ದ ಯೇಸುವಿನ ತಮ್ಮನೂ ನಂಬಿದ. ಪೌಲ ತನ್ನ ಪತ್ರದಲ್ಲಿ, ಯೇಸು ಯಾರ್ಯಾರಿಗೆ ಕಾಣಿಸಿಕೊಂಡನೆಂಬುದನ್ನು ತನಗೆ ಮೊದಲಿದ್ದವರಿಂದ ಕಲಿತೆ ಎಂದು ಬರೆಯುತ್ತಾನೆ; ಅಂದರೆ ಆ ಮಾತು ಘಟನೆಯಾದ ಕೆಲವೇ ವರ್ಷಗಳಷ್ಟು ಹಳೆಯದು, ದಂತಕಥೆ ಬೆಳೆಯಲು ಅಷ್ಟು ಸಮಯ ಸಾಲದು. ಇಷ್ಟು ಹೇಳಿ ಪಾದ್ರಿ ಮೆಕ್ಯಾನಿಕ್ಕನ ಕಡೆ ಕೈ ತೋರಿಸಿದರು. ನಮ್ಮ ಅಣ್ಣನನ್ನೇ ನೋಡಿ, ಮೊದಲು ಕಂಡವಳು ಹೆಂಗಸು, ಯಾರೂ ನಂಬಲಿಲ್ಲ, ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಆದರೆ ಅವರು ಬಂದದ್ದಂತೂ ನಿಜ. ವಿವರಗಳು ಬೇರೆಯಾದ ಮಾತ್ರಕ್ಕೆ ಘಟನೆ ಸುಳ್ಳಾಗುವುದಿಲ್ಲ.

ಎಲ್ಲರೂ ತಿರುಗಿ ನೋಡಿದರು. ಮೆಕ್ಯಾನಿಕ್ ಕನ್ನಡಕ ಒರೆಸಿಕೊಂಡ.

ದಾರಿಯುದ್ದಕ್ಕೂ ಅವನಿಗೆ ಪಾದ್ರಿಯವರು ಹೇಳಿದ್ದೇ ಸರಿ ಎನಿಸಿತು. ಆದರೆ ಮನೆಯ ಬೀದಿಗೆ ಬಂದಾಗ ದರ್ಜಿಯ ಹೆಂಡತಿ ಕಿಟಕಿಯಲ್ಲಿ ಕೂತಿದ್ದಳು. ಅವನ ವಿಶ್ವಾಸ ಸ್ವಲ್ಪ ಇಳಿಯಿತು. ಬಿಳಿಬಟ್ಟೆಯ ಮಾತು ಬೆಳೆಯಲು ವರ್ಷಗಳು ಬೇಕಾಗಿರಲಿಲ್ಲ. ಅವನು ಬಂದ ವಾರದಲ್ಲೇ ಅದು ಬೀದಿಯಲ್ಲಿತ್ತು.

ಎರಡನೇ ಗುರುವಾರ ಮೇಷ್ಟ್ರದು. ಅವನೂ ಕಡಿಮೆಯಿಲ್ಲ. ಪೌಲನ ಆ ಹಳೇ ಮಾತಿನಲ್ಲಿ ಹೆಂಗಸರ ಹೆಸರೂ ಇಲ್ಲ, ಗೋರಿ ಖಾಲಿಯಾಗಿತ್ತು ಎಂಬ ಮಾತೂ ಬಿಡಿಸಿ ಹೇಳಿಲ್ಲ. ಸುವಾರ್ತೆಗಳು ಬರೆಯಲ್ಪಟ್ಟದ್ದು ದಶಕಗಳ ನಂತರ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದೆಂದು ವಿದ್ವಾಂಸರು ಹೇಳುವುದರ ಹಳೇ ಪ್ರತಿಗಳು ಮುಗಿಯುವುದೇ ಬೇರೆ ರೀತಿ: ಹೆಂಗಸರು ಗೋರಿಯಿಂದ ಓಡಿಹೋದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ಮುಂದಿನದು ಆಮೇಲೆ ಸೇರಿದ್ದು. ಇನ್ನು ಪ್ರಾಣ ಕೊಡುವ ಮಾತು: ಮನುಷ್ಯರು ತಪ್ಪು ತಿಳಿದದ್ದಕ್ಕೂ ಪ್ರಾಣ ಕೊಡುತ್ತಾರೆ. ಸತ್ತವರು ಕಂಡಂತಾಗುವುದು ದುಃಖದಲ್ಲಿರುವವರಿಗೆ ಹೊಸದಲ್ಲ. "ನಮ್ಮ ಭಾವನ್ನೇ ತಗೊಳ್ಳಿ" ಎಂದು ಅವನೂ ಕೈ ತೋರಿಸಿದ. ಗುರುತಿಸಿದವನು ಸ್ವಂತ ಚಿಕ್ಕಪ್ಪ, ಅಳತೆಗೆ ಸರಿಯಾದ ಕೋಟು, ಹೆಸರು ಕೊರೆದ ಸ್ಪ್ಯಾನರ್, ಊರೆಲ್ಲ ಸೇರಿ ಹೂತರು. ಎಲ್ಲರೂ ಪ್ರಾಮಾಣಿಕರು, ಎಲ್ಲರೂ ತಪ್ಪು. ಸತ್ತವನು ಎದ್ದ ಎನ್ನುವುದಕ್ಕಿಂತ ಎಲ್ಲೋ ಎಡವಟ್ಟಾಗಿದೆ ಎನ್ನುವುದೇ ಯಾವತ್ತೂ ಹೆಚ್ಚು ಸಂಭವ.

ಪಾದ್ರಿ ಬಿಡಲಿಲ್ಲ. ಕಂಡಂತಾಯಿತು ಎನ್ನುವುದಾದರೆ ಆ ಜನ "ಅವನ ಆತ್ಮ ಕಂಡಿತು" ಎನ್ನಬಹುದಿತ್ತು, ಅದಕ್ಕೆ ಅವರಲ್ಲಿ ಮಾತುಗಳಿದ್ದವು. ಲೋಕಾಂತ್ಯಕ್ಕೆ ಸತ್ತವರೆಲ್ಲರೂ ಏಳುವರೆಂದು ಕಾಯುತ್ತಿದ್ದವರು ನಡುವೆ ಒಬ್ಬನೇ ಎದ್ದನೆಂದು ಹೇಳುವ ಯೋಚನೆ ಎಲ್ಲಿಂದ ಬಂತು ಎಂದು ಕೇಳಿದರು. ಮೇಷ್ಟ್ರು ಇದಕ್ಕೆ, ಒಳ್ಳೇ ಪ್ರಶ್ನೆ ಎಂದ. ಒಳ್ಳೇ ಪ್ರಶ್ನೆ ಎಂದು ಅವನು ಹೇಳಿದ್ದನ್ನು ಅವನ ಅಕ್ಕ ಹುಟ್ಟಿದಾರಭ್ಯ ಕೇಳಿರಲಿಲ್ಲವಂತೆ.

ಮೆಕ್ಯಾನಿಕ್ಕನಿಗೆ ಈ ಸಲ ಮೇಷ್ಟ್ರು ಹೇಳಿದ್ದೇ ಸರಿ ಎನಿಸಿತು. ಅದಕ್ಕೇ ಅವನಿಗೆ ಸಿಟ್ಟು ಬಂತು. ಒಂದೇ ಮನುಷ್ಯನನ್ನು ಎರಡು ಕಡೆಯ ಸಾಕ್ಷಿಯಾಗಿ ಎಳೆದಾಡುವುದು ಎಂಥ ಕೆಲಸ? ಆ ವಾರವೆಲ್ಲ ನಾಲ್ಕೂ ಸುವಾರ್ತೆಗಳ ಕೊನೆಯ ಭಾಗಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತ. ಒಂದರಲ್ಲಿ ಗೋರಿಯ ಬಳಿ ಒಬ್ಬ ದೂತ, ಇನ್ನೊಂದರಲ್ಲಿ ಇಬ್ಬರು. ಹೆಂಡತಿ ತಟ್ಟೆ ಇಡಲು ಜಾಗ ಕೇಳಿದಳು. ನೀನು ನಂಬ್ತೀಯಾ ಎಂದು ಅವಳನ್ನು ಕೇಳಿದ. ಊಟ ಆರಿಹೋಗುತ್ತೆ ಎಂದಳು. ಆಮೇಲೆ ಬಡಿಸುತ್ತ, ನಂಬ್ತೀನಿ, ಆದರೆ ನನ್ನ ತಮ್ಮನಿಗೆ ಬಿಡಿಸಿ ಹೇಳೋಕೆ ನನಗೆ ಬರಲ್ಲ ಎಂದಳು.

ಮೂರನೇ ಗುರುವಾರ ಇಬ್ಬರೂ ಸೇರಿ ಅವನನ್ನೇ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ನೀವೇ ಹೇಳಿ ಎಂದರು. ಅವನು ಎದ್ದು ನಿಂತ, ಲಿಫ್ಟ್ ರಿಪೇರಿಯ ಬಗ್ಗೆ ಅಪಾರ್ಟ್‌ಮೆಂಟಿನವರಿಗೆ ವಿವರಿಸುವ ಧ್ವನಿಯಲ್ಲಿ ಶುರುಮಾಡಿದ.

"ನಾನು ಸತ್ತಿರ್ಲಿಲ್ಲ. ಅದನ್ನ ಇಬ್ರೂ ಮರೀತಿದೀರಿ. ನನ್ನ ವಿಷಯದಲ್ಲಿ ಮಣ್ಣಿಗೆ ಹೋದೋನು ಒಬ್ಬ, ಮನೆಗೆ ಬಂದೋನು ಇನ್ನೊಬ್ಬ. ಯೇಸು ವಿಷಯದಲ್ಲಿ ಹೋದೋನೂ ಬಂದೋನೂ ಒಬ್ನೇ ಅಂತಾರೆ. ಹಾಗಾಗಿ ನನ್ನಿಂದ ಅದು ನಿಜ ಅಂತಲೂ ಆಗಲ್ಲ, ಸುಳ್ಳು ಅಂತಲೂ ಆಗಲ್ಲ."

ಸ್ವಲ್ಪ ನೀರು ಕುಡಿದು ಮುಂದುವರಿಸಿದ. "ಆದ್ರೆ ಬಾಗಿಲು ತೆಗ್ದಾಗ ನಮ್ಮಪ್ಪನ ಮುಖ ನಾನು ನೋಡಿದೀನಿ. ಹೂತು ಬಂದೋನು ಎದುರಿಗೆ ನಿಂತಾಗ ಮನುಷ್ಯ ಹೆಂಗಾಗ್ತಾನೆ ಅಂತ ನೋಡಿದೀನಿ. ಆ ಶಿಷ್ಯರೂ ಹಂಗೇ ಆಗಿದ್ರು ಅಂತ ಓದಿದ್ರೆ ಅನ್ಸುತ್ತೆ. ಸುಳ್ಳು ಕಟ್ಟಿದೋರಲ್ಲ ಅವ್ರು, ಏನೋ ನೋಡಿದಾರೆ. ಏನ್ ನೋಡಿದ್ರು ಅನ್ನೋದಕ್ಕೆ ನನ್ಹತ್ರ ಇರೋ ಸಾಕ್ಷಿ ಸಾಲದು."

ದರ್ಜಿಯ ಹೆಂಡತಿಯೂ ನೋಡಿದಳಲ್ಲ ಎಂದು ಮೇಷ್ಟ್ರು ನೆನಪಿಸಿದ. ನೋಡಿದಳು, ಆದರೆ ಅದರಿಂದ ಆಕೆಯ ಬದುಕಿನಲ್ಲೇನೂ ಬದಲಾಗಲಿಲ್ಲ, ಹೊಲಿಗೆಗೆ ಕೊಟ್ಟ ಬಟ್ಟೆ ಈಗಲೂ ಹೇಳಿದ ದಿನಕ್ಕೆ ಬರುವುದಿಲ್ಲ ಎಂದು ಮೆಕ್ಯಾನಿಕ್ ಉತ್ತರಿಸಿದ. ಶಿಷ್ಯರ ಬದುಕಂತೂ ಬದಲಾಗಿತ್ತಲ್ಲ, ಪಾದ್ರಿಯವರಿಗೆ ಖುಷಿಯಾಯಿತು. ಮೊದಲ ಸಾಕ್ಷಿಯನ್ನೇ ಕೇಳಿಬಿಡೋಣ ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅತ್ತಿಗೆಯ ಕಡೆ ತಿರುಗಿದರು. ಅಂದು ಓಡಿ ಒಳಗೆ ಹೋಗಿ ಏನೆಂದು ಕೂಗಿದಿರಿ, ಅದನ್ನು ನಿಮ್ಮ ಬಾಯಲ್ಲೇ ಹೇಳಿ ಎಂದರು.

ಅತ್ತಿಗೆಗೆ ಆಗಲೇ ಎಪ್ಪತ್ತು ಸಮೀಪಿಸಿತ್ತು. ಯಾರೂ ಅವಳನ್ನು ಇಷ್ಟು ವರ್ಷ ಕೇಳಿರಲಿಲ್ಲ; ಅಪ್ಪ ಹೇಳುತ್ತಿದ್ದರು, ಅವರ ನಂತರ ಅಣ್ಣ ಹೇಳುತ್ತಿದ್ದ, ಆಕೆ ಕಾಫಿ ತಂದಿಡುತ್ತಿದ್ದಳು.

"ಏನೂ ಕೂಗಲಿಲ್ಲ" ಎಂದಳು. "ಹೆದ್ರಿದ್ದೆ. ಅಡುಗೆಮನೇಲಿ ಬಾಗಿಲ ಹಿಂದೆ ನಿಂತಿದ್ದೆ. ಯಾರಿಗೂ ಹೇಳ್ಲಿಲ್ಲ. ಇವ್ನು ಬಾಗಿಲು ತಟ್ಟಿದ್ಮೇಲೇ ಎಲ್ರಿಗೂ ಗೊತ್ತಾಗಿದ್ದು."

ಹಾಗಾದರೆ ಯಾರೂ ನಂಬಲಿಲ್ಲ ಎಂದದ್ದು, ತಣ್ಣೀರು ಕುಡಿಸಿದ್ದು ಎಂದು ಪಾದ್ರಿ ಕೇಳಿದರು.

"ತಣ್ಣೀರು ನಾನೇ ಕುಡ್ದೆ" ಎಂದಳು ಅತ್ತಿಗೆ. ಮಾವ ಹಾಗೆ ಹೇಳಿಕೊಂಡು ಸಂತೋಷಪಡುತ್ತಿದ್ದರು, ಹಿರಿಯರ ಮಾತಿಗೆ ಅಡ್ಡ ಬರುವುದು ಯಾಕೆಂದು ಸುಮ್ಮನಿದ್ದೆ ಎಂದೂ ಸೇರಿಸಿದಳು.

 ಸುವಾರ್ತೆಯ ಹಳೇ ಪ್ರತಿಯ ಕೊನೆಯ ಸಾಲು ಪಾದ್ರಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ನೋಡಿ, ಹೇಳದೆ ಹೋದರೂ ಘಟನೆ ನಡೆದೇ ಇತ್ತು ಎಂದರು ಪಾದ್ರಿ. ನೋಡಿ, ಹೇಳಿದಳೆಂಬ ಕಥೆ ಆಮೇಲೆ ಸೇರಿತು ಎಂದ ಮೇಷ್ಟ್ರು. ಇಬ್ಬರೂ ಗೆದ್ದ ಮುಖದಲ್ಲಿ ಕೂತರು. ಸಭೆ ಪ್ರಾರ್ಥನೆಯೊಂದಿಗೆ ಮುಗಿಯಿತು. ಮೇಷ್ಟ್ರು ಕಣ್ಣು ಮುಚ್ಚದೆ ನಿಂತ.

ಮೆಕ್ಯಾನಿಕ್ ಅತ್ತಿಗೆಯನ್ನು ಕೈಹಿಡಿದು ಮನೆಗೆ ಕರೆತಂದ. ಅವತ್ತು ಬಾಗಿಲು ಹಾಕಿಕೊಂಡದ್ದಕ್ಕೆ ಬೇಜಾರಾಯ್ತಾ ಎಂದು ದಾರಿಯಲ್ಲಿ ಆಕೆ ಕೇಳಿದಳು. ಇಲ್ಲ, ಕೊಡ ತುಂಬಿ ಹರೀತಿತ್ತು, ನಲ್ಲಿ ನಿಲ್ಲಿಸಿದೆ ಎಂದ. ಅದು ತನಗೆ ಗೊತ್ತೇ ಇರಲಿಲ್ಲ ಎಂದಳು ಅತ್ತಿಗೆ.

ಭಾನುವಾರ ಸ್ಟೋರ್‌ಕೀಪರನ ತಾಯಿಯ ಕೋಣೆಗೆ ಹೋದ. ಆಕೆಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಸಭೆಯ ಸುದ್ದಿ ಅವಳಿಗೂ ತಲುಪಿತ್ತು.

"ಏನ್ ತೀರ್ಮಾನ ಆಯ್ತು?" ಎಂದು ಕೇಳಿದಳು.

ಆಗಲಿಲ್ಲ ಎಂದು ಹೇಳಿ, ಪಾದ್ರಿಯ ಮಾತನ್ನೂ ಮೇಷ್ಟ್ರ ಮಾತನ್ನೂ ತನಗೆ ತಿಳಿದಷ್ಟು ಒಪ್ಪಿಸಿದ. ತಾನು ಹೇಳಿದ್ದನ್ನೂ ಹೇಳಿದ: ನಾನು ಸತ್ತಿರಲಿಲ್ಲ, ಹೋದವನು ಒಬ್ಬ, ಬಂದವನು ಇನ್ನೊಬ್ಬ. ಹೇಳಿದ ಮೇಲೆ, ಈ ಮಾತನ್ನು ಇಲ್ಲಿ ಆಡಬಾರದಿತ್ತೇನೋ ಎನಿಸಿ ಕಿಟಕಿಯ ಕೊಂಡಿ ಹಿಡಿದು ಅಲ್ಲಾಡಿಸಿದ. ಅದು ಸರಿಯಾಗಿಯೇ ಇತ್ತು.

ಆಕೆಯ ಕೈ ಸೆರಗಿನ ಅಂಚನ್ನು ಮಡಿಸಿ, ಒತ್ತಿ, ಮತ್ತೆ ಮಡಿಸುತ್ತಿತ್ತು.

"ನೀ ಬಂದ ಹಂಗೆ ಅವ್ನು ಬರ್ತಾನೆ ಅಂತ ಕಾದೆ" ಎಂದಳು ಕೊನೆಗೆ. "ಹಂಗೆ ಬರೋದಾಗಿದ್ರೆ ಬಂದಿರ್ತಿದ್ದ. ಇನ್ನು ಬಂದ್ರೆ ಯೇಸು ಬಂದ ಆ ಇನ್ನೊಂದು ಥರಾನೇ ಬರ್ಬೇಕು. ಅದಕ್ಕೆ ಅವ್ನು ಮೊದ್ಲು ಸತ್ತಿರ್ಬೇಕಲ್ಲಪ್ಪ."

ಅವನು ಹೂಂ ಎಂದ.

"ಅಲ್ಲೊಂದು ಕಲ್ಲು ಹಾಕ್ಸು" ಎಂದಳು. ಮಗನ ಪೂರ್ತಿ ಹೆಸರು ಹೇಳಿದಳು. ಇಷ್ಟು ವರ್ಷದಲ್ಲಿ ಮೆಕ್ಯಾನಿಕ್ಕನಿಗೆ ಅವನ ಪೂರ್ತಿ ಹೆಸರು ಗೊತ್ತಿರಲಿಲ್ಲ. ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದ. ಆಮೇಲೆ ಆಕೆ ಅತ್ತಳು. ಸಣ್ಣ ಧ್ವನಿಯಲ್ಲಿ, ನಿಲ್ಲಿಸದೆ, ಆ ಸುದ್ದಿ ಅಂದೇ ಬಂದಿದೆಯೆಂಬಂತೆ ಅತ್ತಳು. ಅವನು ಪಕ್ಕದಲ್ಲಿ ಕೂತ. ಕತ್ತಲಾಗುವ ಮುಂಚೆ ಹೆಂಡತಿಯನ್ನು ಕರೆಸಿ ಆಕೆಯ ಜೊತೆ ಬಿಟ್ಟ.

ಕಲ್ಲು ಕೆತ್ತುವವನು, ಯಾವಾಗ ತೀರಿಕೊಂಡರು, ಶವ ಎಲ್ಲಿಟ್ಟಿದ್ದೀರಿ ಎಂದು ಕೇಳಿದ. ಬಹಳ ಹಿಂದೆ, ಶವ ಆಗಲೇ ಗೋರಿಯಲ್ಲಿದೆ ಎಂದು ಮೆಕ್ಯಾನಿಕ್ ವಿವರಿಸಿದ. ಕಲ್ಲು ನಿಂತ ದಿನ ಪಾದ್ರಿಯವರು ಪೂರ್ತಿ ಶವಸಂಸ್ಕಾರದ ಆರಾಧನೆಯನ್ನೇ ನಡೆಸಿದರು. ಮೇಷ್ಟ್ರು ಬಂದು, ಸ್ಟೋರ್‌ಕೀಪರನ ತಾಯಿಗೆ ಕೊಡೆ ಹಿಡಿದು ನಿಂತ, ಬಿಸಿಲು ಜೋರಿತ್ತು. ಸತ್ತವರು ಏಳುವರು ಎಂಬ ಮಾತು ಬಂದಾಗ ತಾಯಿ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದಳು. ಮೇಷ್ಟ್ರು ಕೊಡೆಯನ್ನು ಸ್ವಲ್ಪ ಅವಳ ಕಡೆಗೆ ವಾಲಿಸಿದ.

ಆಕೆ ಇನ್ನೂ ಮೂರ್ನಾಲ್ಕು ವರ್ಷ ಬದುಕಿದ್ದಳು. ಚೆನ್ನಾಗಿಯೇ ಇದ್ದಳು. ಬಾಗಿಲಿಗೆ ಅಗುಳಿ ಹಾಕಿ ಮಲಗುವ ಅಭ್ಯಾಸ ಮಾಡಿಕೊಂಡಳು, ಮೊದಲೆಲ್ಲ ಮಗ ಬಂದರೆ ಎಂದು ಬಾಗಿಲನ್ನು ಬರೀ ಮುಂದೆ ಮಾಡಿರುತ್ತಿದ್ದಳಂತೆ. ಮೆಕ್ಯಾನಿಕ್ಕನನ್ನು ಯಾರಾದರೂ, ಕೊನೆಗೂ ನೀವು ಯಾವ ಕಡೆ ಎಂದು ಕೇಳಿದರೆ, ಪಾದ್ರಿಯವರ ವಾದದಲ್ಲಿ ಇನ್ನೂ ಎರಡು ಕಡೆ ಸಡಿಲವಿದೆ, ಮೇಷ್ಟ್ರ ವಾದದಲ್ಲಿ ಒಂದು ಕಡೆ ಏನೋ ಉಳಿದುಕೊಂಡಿದೆ ಎನ್ನುತ್ತಿದ್ದ. ಹಾಗೆಂದು ಹೇಳಿ ಭಾನುವಾರ ಎಂದಿನಂತೆ ಚರ್ಚಿಗೆ ಹೋಗಿ, ಎಡಗಡೆಯ ಮೂರನೇ ಬೆಂಚಿನಲ್ಲಿ, ಫ್ಯಾನಿನ ಕೆಳಗೆ ಕೂರುತ್ತಿದ್ದ.